ತೊಗರಿಗೆ ಗ್ಯಾಸ್ ಗುಳಿಗೆ ಇಡಿಸುವವರು ಇದನ್ನು ಓದಿ, ನಾನು ಮೋಸ ಹೋದೆ

ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಕಾಳಿನ ಹುಳ ಕೊಲ್ಲುವ ಗ್ಯಾಸ್ ಗುಳಿಗೆ ಇಡುತ್ತೇನೆ ಅಂತ ನನಗೆ ಮೋಸ ಮಾಡಿದ ಮನುಷ್ಯ ಈಗ ಆಳಂದ ಕಡೆಯ ಹಳ್ಳಿಗಳಲ್ಲಿ ಓಡಾಡುತ್ತಿದ್ದಾನಂತೆ.

ನಮ್ಮದು ಕಲಬುರಗಿ ಹತ್ತಿರದ ಹಳ್ಳಿ. ಜನವರಿಯಲ್ಲಿ ರಾಶಿ ಮಾಡಿದೆವು. ಆಗ ಕಾಳು ಮಾರುವ ನಮ್ಮ ಗಂಜ್‌ನಲ್ಲಿ ರೇಟು ಇರಲಿಲ್ಲ, ಎಲ್ಲರೂ ಒಮ್ಮೆಗೇ ತಂದು ಸುರಿದರೆ ಎಲ್ಲಿಂದ ಇರಬೇಕು? 40 ಕ್ವಿಂಟಲ್ ತೊಗರಿಯನ್ನು ಮನೆ ಪಕ್ಕದ ಕೋಣೆಯಲ್ಲಿ ಒಟ್ಟಿದೆ. ಹೋಳಿ ಹುಣ್ಣಿಮೆ ಹೊತ್ತಿಗೆ ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡವು. ಅದು ಹುಳದ ಮೊಟ್ಟೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಹೊಲದಲ್ಲೇ ಹತ್ತಿರುತ್ತದೆ, ಚೀಲದಲ್ಲಿ ಕೂತು ಹೆಚ್ಚುತ್ತದೆ.

ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಈ ಗುಳಿಗೆಯವನನ್ನು ಕರೆಸಿದೆ. 4,000 ರೂಪಾಯಿಗೆ ಒಪ್ಪಂದ. ಟನ್ನಿಗೆ ಮೂರು ಗುಳಿಗೆ, ನಾಲ್ಕು ಟನ್ನಿಗೆ 12 ಅಂತ ಚೀಟಿ ಬರೆದುಕೊಟ್ಟ. ತಾಡಪತ್ರಿ ಹೊದಿಸಿದ, ಅದರಲ್ಲಿ ನನ್ನ ಮುಷ್ಟಿ ಹೋಗುವಷ್ಟು ತೂತು. ಅಂಚಿಗೆ ಉಸುಕಿನ ಚೀಲ ಇಡಲಿಲ್ಲ, ನಾಲ್ಕು ಇಟ್ಟಿಗೆ ಹೇರಿದ. ನಾನು ಕೇಳಿದೆ ಮತ್ತೆ, ಸುಮ್ನೆ ಇರಲಿಲ್ಲ. "ಅಣ್ಣಾವ್ರೇ, ಗ್ಯಾಸ್ ಭಾರ ಇರ್ತದ, ಕೆಳಗೇ ಕೂಡ್ತದ, ನೀವ್ಯಾಕ್ ಅಂಜ್ತೀರಿ" ಅಂದ. ನಾನು ತಲೆ ಆಡಿಸಿದೆ. ಡಿಗ್ರಿ ಓದಿದ ತಲೆ!

ಮೂರನೇ ದಿನಕ್ಕೇ ಬಂದು ಬಿಚ್ಚಿದ. ಬೆಳ್ಳುಳ್ಳಿ ಕೊಳೆತಂಥ ವಾಸನೆ. ಮೇಲಿನ ಚೀಲ ಕೊಡವಿ ಸತ್ತ ಹುಳ ತೋರಿಸಿ "ನೋಡ್ರಿ, ಹೆಣ ಬಿದ್ದಾವ" ಅಂದ. ನಾನು ಖುಷಿಯಿಂದ ಫೋಟೋ ತೆಗೆದೆ. ಹಣ ಎಣಿಸಿ ಕೊಟ್ಟೆ. ಅಷ್ಟೇ ಅಲ್ಲ, ಪಕ್ಕದ ಇಬ್ಬರಿಗೆ ಅವನ ನಂಬರ್ ಕೊಟ್ಟವನೂ ನಾನೇ. ಈಗ ಅವರ ಮುಖ ನೋಡಲು ಆಗುತ್ತಿಲ್ಲ.

ಯುಗಾದಿ ಆಗಿ ಮೂರು ವಾರಕ್ಕೆ ಕೋಣೆ ತೆರೆದರೆ ಗೋಡೆ ಮೇಲೆಲ್ಲ ಹುಳ. ಕಾಳು ಕೈಗೆ ತೆಗೆದರೆ ದುಂಡಗೆ ತೂತು. ಚೀಲ ಕೆಳಗಿಳಿಸುವಾಗ ಮಧ್ಯದಲ್ಲಿ ಬೂದಿಯ ಪುಡಿಕೆ ಸಿಕ್ಕವು. ಎಣಿಸಿದೆ. ನಾಲ್ಕು. ಎಲ್ಲ ಚೀಲ ಸರಿಸಿ ಮತ್ತೆ ಎಣಿಸಿದೆ, ನಾಲ್ಕೇ. ಒಂದು ಪುಡಿಕೆಗೆ ಒಂದೇ ಗುಳಿಗೆ ಕಟ್ಟಿದ್ದನ್ನು ನಾನೇ ನೋಡಿದ್ದೆ, ಎಷ್ಟು ಪುಡಿಕೆ ಅಂತ ಮಾತ್ರ ನೋಡಿರಲಿಲ್ಲ. ಆಗ ಹೊಟ್ಟೆಯಲ್ಲಿ ಬೆಂಕಿ ಬಿತ್ತು ನೋಡಿ.

ಫೋನ್ ಮಾಡಿದರೆ "ಉಳಿದವು ಗ್ಯಾಸ್ ಆಗಿ ಹೋಗ್ಯಾವ ಅಣ್ಣಾವ್ರೇ" ಅಂತಾನೆ! ಗುಳಿಗೆಗೆ ಗಾಳಿಯ ತೇವ ತಾಕಿ ಫಾಸ್ಫಿನ್ ಅನ್ನುವ ವಿಷದ ಗ್ಯಾಸ್ ಬಿಡುತ್ತದೆ, ನಿಜ, ಆದರೆ ಬೂದಿ ಉಳಿದೇ ಉಳಿಯುತ್ತದೆ. ಆ ನಾಲ್ಕರ ಬೂದಿ ಉಳಿದು ಎಂಟರದ್ದು ಎಲ್ಲಿಗೆ ಹೋಯಿತು? ಆ ಬೂದಿಯನ್ನು ತೆಗೆದುಕೊಂಡು ಹೋಗುವುದೂ ಅವನದೇ ಕೆಲಸ ಆಗಿತ್ತು. ಮತ್ತೆ ಮಾಡಿದರೆ "ನಿಮ್ಮ ತೊಗರಿನೇ ಹಸಿ ಇತ್ತು". ಮೂರನೇ ಸಲ "ಈ ಹುಳ ಹೊಸಾವು, ಹೊರಗಿಂದ ಬಂದಾವ". ಆಮೇಲೆ ಫೋನೇ ಎತ್ತಲಿಲ್ಲ.

ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದಾಗ ಗೊತ್ತಾಯಿತು. ದೊಡ್ಡ ಹುಳ ಬೇಗ ಸಾಯುತ್ತದೆ, ಮೊಟ್ಟೆ ಮತ್ತು ಕಾಳಿನೊಳಗೆ ಕೋಶದ ಹಂತದಲ್ಲಿರುವ ಹುಳ ಸಾಯಲು ಗಾಳಿ ಆಡದಂತೆ ಮುಚ್ಚಿ ಏಳು ದಿನ ಬಿಡಬೇಕು. ಮೂರೇ ದಿನಕ್ಕೆ ಬಿಚ್ಚಿದರೆ ಒಂದು ತಿಂಗಳಲ್ಲಿ ಹೊಸ ಪೀಳಿಗೆ ಎದ್ದು ಬರುತ್ತದೆ. ಬಂತಲ್ಲ. ಇನ್ನೊಂದು ಮಾತು ಕೇಳಿ ಕೈಕಾಲು ತಣ್ಣಗಾದವು: ಜನ ಮಲಗುವ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಇದನ್ನು ಇಡಲೇಬಾರದು, ಈ ವಿಷಕ್ಕೆ ಪ್ರತಿಮದ್ದು ಇಲ್ಲ. ನಮ್ಮ ಅವ್ವ ಆ ಗೋಡೆ ಪಕ್ಕವೇ ಮಲಗುತ್ತಾಳೆ. ಆ ಲೆಕ್ಕಕ್ಕೆ ಅವನು ಎಂಟು ಗುಳಿಗೆ ಕದ್ದದ್ದೇ ಪುಣ್ಯ ಅನ್ನಬೇಕು.

ಗಂಜ್‌ನಲ್ಲಿ ಅಡತಿಯವರು ಒಂದು ಹಿಡಿ ಅಂಗೈ ಮೇಲೆ ಹರಡಿ, ಏನೂ ಮಾತಾಡದೆ ವಾಪಸ್ ಚೀಲಕ್ಕೆ ಹಾಕಿದರು. ಕ್ವಿಂಟಲ್‌ಗೆ 900 ಕಡಿಮೆ. 36,000 ಹೋಯಿತು. ಅವ್ವ ಬೀಜಕ್ಕೆ ಅಂತ ಎಣ್ಣೆ ಸವರಿ ಡಬ್ಬಿಯಲ್ಲಿ ಇಟ್ಟಿದ್ದ ತೊಗರಿ ಮಾತ್ರ ನೆಟ್ಟಗಿದೆ, ಅದನ್ನು ದಿನಾ ಹೇಳಿ ತೋರಿಸುತ್ತಾಳೆ.

ಕರೆಸುವುದಾದರೆ ಮೊದಲು ಲೈಸೆನ್ಸ್ ಕೇಳಿ. ಈ ಗುಳಿಗೆ ಯಾರು ಬೇಕಾದರೂ ತಂದು ಇಡುವಂಥದ್ದಲ್ಲ. ನಿಮ್ಮ ಕಣ್ಣೆದುರು ಎಣಿಸಲಿ. ಏಳು ದಿನದ ಮೊದಲು ಬಿಚ್ಚಲು ಬಂದರೆ ಬಾಗಿಲು ಹಾಕಿಕೊಳ್ಳಿ. ಬೂದಿಯ ಪುಡಿಕೆಗಳನ್ನು ಅವನೇ ಹೊರಗೆ ತಂದು ಎಣಿಸಿ ತೋರಿಸುವ ತನಕ ಒಂದು ರೂಪಾಯಿಯೂ ಕೊಡಬೇಡಿ.

ನಿನ್ನೆ ಪಕ್ಕದ ಹುಡುಗ ಅವನ ಸ್ಟೇಟಸ್ ತೋರಿಸಿದ. ನಮ್ಮದೇ ಕೋಣೆ, ನಮ್ಮದೇ ಚೀಲ, ನಾನೇ ತೆಗೆದು ಕಳಿಸಿದ್ದ ಸತ್ತ ಹುಳದ ಫೋಟೋ. ಕೆಳಗೆ "ನೂರಕ್ಕೆ ನೂರು ಗ್ಯಾರಂಟಿ".