ಕೆಂಪು ಚೀಲ, ಟಿಫನ್ ಡಬ್ಬಿ, ಚಿಕ್ಕಮ್ಮನ ಗಂಟು

ಸೆಪ್ಟೆಂಬರ್ ಕೊನೆಯಲ್ಲಿ ನಾವು ನಾಲ್ಕು ಜನ ನಿಟ್ಟೂರಿನ ಹತ್ತಿರ ಎರಡು ರಾತ್ರಿ ಟೆಂಟ್ ಹಾಕಿದ್ದೆವು. ಕಾಡಿನೊಳಗಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗೆಳೆಯನ ಚಿಕ್ಕಮ್ಮನ ಅಡಿಕೆ ತೋಟದ ಮೇಲಿರುವ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ. ಎದುರಿಗೇ ಕೊಡಚಾದ್ರಿ, ಆದರೆ ಮಂಜು ಬಿಟ್ಟರೆ ತಾನೆ ಕಾಣೋದು.

ನಮ್ಮ ಹತ್ತಿರ ಮೂರು ಥರದ ಪ್ರಥಮ ಚಿಕಿತ್ಸೆಯ ಸಾಮಾನು ಇತ್ತು. ಗೆಳೆಯ ಆನ್‌ಲೈನಿನಲ್ಲಿ 850 ರೂಪಾಯಿ ಕೊಟ್ಟು ತರಿಸಿದ ಕೆಂಪು ಚೀಲ ಒಂದು. ನಾನು ಶಿವಮೊಗ್ಗದ ದುರ್ಗಿಗುಡಿಯ ಮೆಡಿಕಲ್ ಶಾಪಿನಲ್ಲಿ ಬಿಡಿಬಿಡಿಯಾಗಿ ಕೊಂಡು ಹಳೇ ಸ್ಟೀಲ್ ಟಿಫನ್ ಡಬ್ಬಿಗೆ ತುಂಬಿದ್ದು ಇನ್ನೊಂದು, ಎಲ್ಲಾ ಸೇರಿ 400 ದಾಟಿರಲಿಲ್ಲ. ಮೂರನೆಯದನ್ನು ನಾವು ಕೇಳಿರಲೇ ಇಲ್ಲ. ಹೊರಡುವಾಗ ಚಿಕ್ಕಮ್ಮ ಹಳೇ ಪಂಚೆಯ ತುಂಡಿನಲ್ಲಿ ಕಲ್ಲುಪ್ಪು, ಹೊಗೆಸೊಪ್ಪು, ಒಂದು ಡಬ್ಬಿ ಸುಣ್ಣ ಕಟ್ಟಿ, "ಇಟ್ಕೋ ಮಾರಾಯ, ಭಾರ ಏನಿಲ್ಲ" ಅಂತ ಕೊಟ್ಟರು. ಮೂರನ್ನೂ ಹೋಲಿಸಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ. ಇಂಬಳಗಳು, ಅಂದರೆ ಕಾಡಿನ ಜಿಗಣೆಗಳು, ಹೋಲಿಸುವ ಹಾಗೆ ಮಾಡಿದವು.

ಮೊದಲ ಸಂಜೆ ಹಳ್ಳದಿಂದ ನೀರು ತಂದು ಶೂ ಬಿಚ್ಚಿದರೆ ಗೆಳೆಯನ ಸಾಕ್ಸ್ ಕೆಂಪಾಗಿತ್ತು. ಹಿಮ್ಮಡಿಯ ಮೇಲೆ ಮೂರು ಕಡೆ ಕಚ್ಚಿತ್ತು. ಎರಡು ಹೊಟ್ಟೆ ತುಂಬಿಸಿಕೊಂಡು ತಾವೇ ಉದುರಿದ್ದವು, ಒಂದು ಇನ್ನೂ ದ್ರಾಕ್ಷಿಯ ಹಾಗೆ ಉಬ್ಬಿ ಕೂತಿತ್ತು. ಉಪ್ಪು ಹಾಕೋಕೆ ಹೋದವನನ್ನು ನಾನು ತಡೆದೆ. ಕಚ್ಚಿಕೊಂಡಿರುವ ಇಂಬಳಕ್ಕೆ ಉಪ್ಪು ಹಾಕಿದರೆ, ಬೆಂಕಿ ತಾಗಿಸಿದರೆ ಅದು ಹೊಟ್ಟೆಯಲ್ಲಿರೋದನ್ನು ಗಾಯಕ್ಕೇ ಕಕ್ಕಬಹುದು. ಸಪೂರ ಇರುವ ತುದಿಯೇ ಅದರ ಬಾಯಿ. ಅಲ್ಲಿ ಚರ್ಮಕ್ಕೆ ಒತ್ತಿ ಉಗುರು ಜಾರಿಸಿದರೆ ಸಾಕು, ಬಿಡುತ್ತದೆ.

ತೆಗೆಯೋದು ಸುಲಭ, ರಕ್ತ ನಿಲ್ಲಿಸೋದೇ ಕಷ್ಟ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇರುತ್ತದೆ. ಹಾಗಾಗಿ ಗಾಯ ಸಾಸಿವೆಯಷ್ಟಿದ್ದರೂ ಗಂಟೆಗಟ್ಟಲೆ ಜಿನುಗುತ್ತದೆ. ಕೆಂಪು ಚೀಲದಲ್ಲಿ ಪ್ಲಾಸ್ಟರ್ ಪಟ್ಟಿಗಳು ಇಪ್ಪತ್ತು ಇದ್ದವು. ಒಂದು ಅಂಟಿಸಿದ, ಜಾರಿತು. ಒರೆಸಿ ಇನ್ನೊಂದು ಹಾಕಿದ, ಅದರ ಅಡಿಯಿಂದಲೇ ರಕ್ತ ಇಳಿಯಿತು. ಆರನೆಯದು ಹೋಗುವಷ್ಟರಲ್ಲಿ ಬಾಯಲ್ಲಿ ಬೈಗುಳ ಶುರುವಾಗಿತ್ತು. ಪಟ್ಟಿಯದು ತಪ್ಪಲ್ಲ, ಒದ್ದೆ ಚರ್ಮಕ್ಕೆ ಏನು ಅಂಟುತ್ತೆ ಹೇಳಿ?

ಡಬ್ಬಿಯಿಂದ ಗಾಜ್ ಬಟ್ಟೆ ತೆಗೆದು ನಾಲ್ಕು ಮಡಿಕೆ ಮಾಡಿ, ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದೆ. ನಿಂತಿದೆಯಾ ಅಂತ ಮಧ್ಯೆ ಮಧ್ಯೆ ಎತ್ತಿ ನೋಡಬಾರದು. ಮೇಲೆ ಬ್ಯಾಂಡೇಜ್ ಸುರುಳಿ ಸುತ್ತಿ ಗಂಟು ಹಾಕಿದೆ. ಬೆಳಿಗ್ಗೆವರೆಗೂ ಅಲ್ಲಾಡಲಿಲ್ಲ. ಮಲೆನಾಡಿನ ಮಳೆಯಲ್ಲಿ ಅಂಟಿಸೋದಕ್ಕಿಂತ ಕಟ್ಟೋದು ಮೇಲು ಅಂತ ನನಗೆ ಗೊತ್ತಾಗಿದ್ದು ಆವತ್ತೇ. ಈಗ ನನ್ನ ಡಬ್ಬಿಯಲ್ಲಿ ಪಟ್ಟಿ ನಾಲ್ಕೇ, ಸುರುಳಿ ಆರು.

ಇಂಬಳ ಹತ್ತದ ಹಾಗೆ ನೋಡಿಕೊಳ್ಳೋದರಲ್ಲಿ ಮಾತ್ರ ಚಿಕ್ಕಮ್ಮನ ಗಂಟಿಗೆ ಸಾಟಿ ಇಲ್ಲ. ಮಾರನೇ ದಿನ ಹೊಗೆಸೊಪ್ಪು ನೆನೆಸಿದ ನೀರಿಗೆ ಚೂರು ಸುಣ್ಣ ಸೇರಿಸಿ ಇಬ್ಬರ ಸಾಕ್ಸಿನ ಹೊರಗೆ ಹಚ್ಚಿದೆವು. ಮೈಗಲ್ಲ, ಸುಣ್ಣ ಚರ್ಮ ಸುಡುತ್ತದೆ. ಉಳಿದಿಬ್ಬರು ಕೋಲಿಗೆ ಉಪ್ಪಿನ ಗಂಟು ಕಟ್ಟಿಕೊಂಡು, ಶೂ ಹತ್ತಿದವಕ್ಕೆ ಮುಟ್ಟಿಸುತ್ತಾ ನಡೆದರು. ಉಪ್ಪು ಹನ್ನೊಂದು ಗಂಟೆಯ ಮಳೆಗೇ ಕರಗಿ ಹೋಯಿತು. ಹೊಗೆಸೊಪ್ಪು ಮಧ್ಯಾಹ್ನದವರೆಗೂ ತಡೆಯಿತು. ವಾಸನೆಗೆ ತಲೆ ಸುತ್ತುತ್ತೆ ಅಂತ ಒಬ್ಬ ಗೊಣಗಿದ, ಅದೂ ನಿಜವೇ.

ಕೆಂಪು ಚೀಲವನ್ನು ಪೂರ್ತಿ ಬೈಯೋ ಹಾಗಿಲ್ಲ. ಕತ್ತರಿ ಚೆನ್ನಾಗಿತ್ತು. ಚಾಕಲೇಟ್ ಕಾಗದದ ಹಾಗೆ ಹೊಳೆಯುವ ಒಂದು ಹೊದಿಕೆಯೂ ಇತ್ತು. ಎರಡನೇ ರಾತ್ರಿ ಟೆಂಟಿಗೆ ನೀರು ನುಗ್ಗಿ ಒಬ್ಬ ಗಡಗಡ ನಡುಗುವಾಗ, ಒದ್ದೆ ಬಟ್ಟೆ ಬಿಚ್ಚಿಸಿ ಅದನ್ನೇ ಸುತ್ತಿದೆವು. ಅರ್ಧ ಗಂಟೆಯಲ್ಲಿ ಚಹಾ ಕೇಳಿದ. ಅಂಥದ್ದೊಂದು ನನ್ನ ಡಬ್ಬಿಯಲ್ಲಿ ಇರಲಿಲ್ಲ, ಆಮೇಲೆ ತಗೊಂಡೆ.

ಅದರಲ್ಲಿದ್ದ ಹಾವಿನ ವಿಷ ಹೀರುವ ಪಂಪು, ಬಿಗಿದು ಕಟ್ಟುವ ರಬ್ಬರ್ ಪಟ್ಟಿ ಮಾತ್ರ ಸುಮ್ನೆ ದಂಡ. ದಂಡ ಅಷ್ಟೇ ಅಲ್ಲ, ಅಪಾಯ. ಹಾವು ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಕಾಲನ್ನೋ ಕೈಯನ್ನೋ ಅಲುಗಾಡದ ಹಾಗೆ ಕೋಲು ಕೊಟ್ಟು ಆಧಾರ ಮಾಡಿ, ಬೇಗ ಆಸ್ಪತ್ರೆಗೆ ಸಾಗಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಕೊಡುವ ವಿಷನಿರೋಧಕ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಆಗುಂಬೆ ಕಡೆಯ ಕಾಳಿಂಗ, ಗುಳಿಮಂಡಲಗಳು ಆ ಲೆಕ್ಕದಲ್ಲಿಲ್ಲ. ಹಾವು ಹೇಗಿತ್ತು ಅಂತ ಹೇಳಿದರೆ ಡಾಕ್ಟರಿಗೆ ಅನುಕೂಲ, ಆದರೆ ಅದನ್ನು ಹಿಡಿಯೋಕೆ ಹೋಗಬೇಡಿ. ಇದಕ್ಕೆ ಡಬ್ಬಿ, ಚೀಲ, ಗಂಟು ಯಾವುದೂ ಪ್ರಯೋಜನವಿಲ್ಲ. ರಾತ್ರಿ ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿ, ಕೀ ಎಲ್ಲಿದೆ ಅಂತ ನಾಲ್ವರಿಗೂ ಹೇಳಿದ್ದೆವು. 108ಕ್ಕೆ ಫೋನ್ ಮಾಡೋಣ ಅಂದರೆ ಬ್ಯಾಣದಲ್ಲಿ ನೆಟ್‌ವರ್ಕ್ ಸಿಗಬೇಕಲ್ಲ. ಚಿಕ್ಕಮ್ಮನ ಮನೆಯ ಜಗಲಿಯ ಮೂಲೆಯಲ್ಲಿ ಎರಡು ಗೆರೆ ಬರುತ್ತಿತ್ತು.

ಹೊಟ್ಟೆ ಕೆಟ್ಟಾಗಿನ ಕಥೆ ಚಿಕ್ಕದು. ಚೀಲದಲ್ಲಿ ಓಆರ್‌ಎಸ್ ಇರಲೇ ಇಲ್ಲ, ಡಬ್ಬಿಯಲ್ಲಿತ್ತು. ದೊಡ್ಡ ಪೊಟ್ಟಣ ಒಂದು ಲೀಟರಿಗೆ. ಅರ್ಧರ್ಧ ಮಾಡಿ ಲೋಟಕ್ಕೆ ಅಂದಾಜಿನಲ್ಲಿ ಹಾಕಬೇಡಿ.

ಜನವರಿಯಲ್ಲಿ ಶರಾವತಿ ಹಿನ್ನೀರಿಗೆ ಹೋದಾಗ ಇಂಬಳ ಒಂದೂ ಇಲ್ಲ, ಬದಲಿಗೆ ಉಣುಗು, ದನದ ಮೈಗೆ ಹತ್ತಿ ರಕ್ತ ಹೀರುತ್ತದಲ್ಲ, ಆ ಹುಳು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ. ಬೇಸಿಗೆ ಮುಗಿಯುವವರೆಗೂ ಅದರ ಭಯ ಇರುತ್ತದೆ. ಹೊಗೆಸೊಪ್ಪನ್ನು ನಂಬಿಕೊಳ್ಳಲಿಲ್ಲ. ಈ ಸಲ ಚಿಕ್ಕಮ್ಮನೇ ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳೋಕೆ ಆರೋಗ್ಯ ಇಲಾಖೆಯವರು ಹಂಚುವ ಡೆಪಾ ಎಣ್ಣೆಯ ಬಾಟಲಿ ಕೊಟ್ಟರು. ಆದರೂ ಸಂಜೆ ನನ್ನ ಮೊಣಕಾಲಿನ ಹಿಂದೆ ಎಳ್ಳಿನಷ್ಟು ದೊಡ್ಡದೊಂದು ಕಚ್ಚಿಕೊಂಡಿತ್ತು. ಕೆಂಪು ಚೀಲದ ಪ್ಲಾಸ್ಟಿಕ್ ಚಿಮುಟ ಅದನ್ನು ಹಿಡಿಯಲೇ ಇಲ್ಲ, ತುದಿ ದಪ್ಪ. ಡಬ್ಬಿಯ ಸ್ಟೀಲ್ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ ನೇರ ಎಳೆದೆವು. ಬೆಟಾಡಿನ್ ಹಚ್ಚಿದೆ. ತಾರೀಖನ್ನು ಡಬ್ಬಿಯ ಮುಚ್ಚಳದ ಒಳಗೆ ಬರೆದಿಟ್ಟೆ, ಮುಂದಿನ ದಿನಗಳಲ್ಲಿ ಜ್ವರ ಬಂದರೆ ಡಾಕ್ಟರಿಗೆ ತೋರಿಸೋಣ ಅಂತ. ಬರಲಿಲ್ಲ. ತಾರೀಖನ್ನು ಇನ್ನೂ ಅಳಿಸಿಲ್ಲ.