ಬೂಷ್ಟು ಹಿಡಿದ ವಿಡಿಯೊ ಕ್ಯಾಸೆಟ್ಟನ್ನು ಅಂಗಡಿಗೆ ಕೊಡುವ ಮುನ್ನ

ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಸಬೇಕೆಂದುಕೊಂಡಿರುವವರು ಮನೆಯಿಂದ ಹೊರಡುವ ಮೊದಲು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕಳೆದ ಆಷಾಢದಲ್ಲಿ ಮೈಸೂರಿನ ಒಂದು ಅಂಗಡಿಗೆ ನಾನು ಕೊಟ್ಟ ನಾಲ್ಕು ವಿಎಚ್‌ಎಸ್ ಕ್ಯಾಸೆಟ್ಟುಗಳಲ್ಲಿ ಒಂದರ ಟೇಪನ್ನು ಕತ್ತರಿಸಿ ಹಿಂತಿರುಗಿಸಿದರು. ಕತ್ತರಿಸಿ ಎಸೆದ ಭಾಗದಲ್ಲಿ ನಮ್ಮ ಅಜ್ಜಿಯ ದನಿ ಇತ್ತು. ಅಂಗಡಿಯ ಹೆಸರನ್ನು ನಾನು ಬರೆಯುವುದಿಲ್ಲ. ಅಲ್ಲಿ ಆದದ್ದು ಬೇರೆ ಯಾವ ಅಂಗಡಿಯಲ್ಲಿಯೂ ಆಗಬಹುದು, ಮತ್ತು ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆ ಕ್ಯಾಸೆಟ್ಟು 1993ರಲ್ಲಿ ಪಾಂಡವಪುರ ತಾಲ್ಲೂಕಿನ ನಮ್ಮೂರಿನಲ್ಲಿ ನಡೆದ ಚಿಕ್ಕಮ್ಮನ ಮದುವೆಯದು. ಆಗ ವಿಡಿಯೊದವರು ಹೆಗಲ ಮೇಲೆ ಹೊತ್ತು ತರುತ್ತಿದ್ದ ಕ್ಯಾಮೆರಾದೊಳಗೆ ದೊಡ್ಡ ಕ್ಯಾಸೆಟ್ಟೇ ನೇರವಾಗಿ ಕೂರುತ್ತಿತ್ತು. ಆಮೇಲೆ ಅದನ್ನು ಸ್ಟುಡಿಯೊದಲ್ಲಿ ಮಿಕ್ಸಿಂಗ್ ಮಾಡಿ, ಹೆಸರು, ಹೂವಿನ ಚಿತ್ರ ಎಲ್ಲವನ್ನೂ ಸೇರಿಸಿ, ಇಡೀ ಮದುವೆಯ ಮೇಲೆ ಸಿನಿಮಾ ಹಾಡುಗಳನ್ನು ಹಾಕಿ ಕೊಡುತ್ತಿದ್ದರು. ನಮ್ಮ ಮಾವ ಮಿಕ್ಸಿಂಗ್ ಆದ ಕ್ಯಾಸೆಟ್ಟಿನ ಜೊತೆಗೆ ಕ್ಯಾಮೆರಾದಿಂದ ತೆಗೆದ ಮೂಲ ಕ್ಯಾಸೆಟ್ಟನ್ನೂ ಹಟ ಮಾಡಿ ಇಸಿದುಕೊಂಡಿದ್ದರು. ಚಪ್ಪರದಡಿ ಹೆಣ್ಣಿಗೆ ಅರಿಸಿನ ಹಚ್ಚುವಾಗ ಅಜ್ಜಿ ಮುಂದಾಳಾಗಿ ಸೋಬಾನೆ ಹೇಳಿದ್ದು, ಹಿಂದಿನಿಂದ ಹೆಂಗಸರು ಸೊಲ್ಲು ಹಿಡಿದದ್ದು ಆ ಮೂಲ ಕ್ಯಾಸೆಟ್ಟಿನಲ್ಲಿ ಮಾತ್ರ ಕೇಳುತ್ತಿತ್ತು. ಅಜ್ಜಿಯ ದನಿ ನಮಗೆ ಬೇರೆಲ್ಲಿಯೂ ಸಿಕ್ಕುವುದಿಲ್ಲ.

ಸರಸ್ವತಿಪುರಂ ಮನೆಯ ಅಟ್ಟದಲ್ಲಿ ಈ ಕ್ಯಾಸೆಟ್ಟುಗಳು ಪ್ಲಾಸ್ಟಿಕ್ ಚೀಲದೊಳಗೆ ಗಂಟು ಕಟ್ಟಿಕೊಂಡು ವರ್ಷಗಟ್ಟಲೆ ಕೂತಿದ್ದವು. ಗಾಳಿಯಾಡದ ಚೀಲದಲ್ಲಿ ತೇವ ನಿಂತರೆ ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಮೂಲ ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದಾಗ, ನಯವಾಗಿ ಕಪ್ಪಗೆ ಹೊಳೆಯಬೇಕಿದ್ದ ಸುರುಳಿಯ ಮೇಲೆ, ಮಳೆಗಾಲದಲ್ಲಿ ಕೊಬ್ಬರಿ ಹೋಳಿನ ಮೇಲೆ ಬರುವಂಥ ಬೂದು ಬಣ್ಣದ ಬಲೆ ಹರಡಿತ್ತು. ನಾನದನ್ನು ಅಂಗಡಿಯವರಿಗೆ ತೋರಿಸಿದೆ. “ಏನಾಗಲ್ಲ ಸಾರ್, ಎರಡು ಸಲ ಓಡಿಸಿದ್ರೆ ಅದೇ ಉದುರೋಗುತ್ತೆ” ಎಂದರು. ಕ್ಯಾಸೆಟ್ಟಿಗೆ 300 ರೂಪಾಯಿಯಂತೆ ಮಾತಾಯಿತು. ಬೂಷ್ಟಿನ ಬಗ್ಗೆ ಇನ್ನೊಂದು ಮಾತು ಕೇಳದೆ, ದರ ಕಡಿಮೆಯಾಯಿತೆಂಬ ಸಮಾಧಾನದಲ್ಲಿ ನಾನು ಮನೆಗೆ ಬಂದೆ.

ಓಡಿಸಿದರೆ ಬೂಷ್ಟು ಉದುರುವುದಿಲ್ಲ. ಅದು ಸುರುಳಿಯ ಅಂಚಿನಲ್ಲಿ ಬೆಳೆದು ಒಂದು ಸುತ್ತನ್ನು ಇನ್ನೊಂದಕ್ಕೆ ಅಂಟಿಸಿರುತ್ತದೆ. ವಿಸಿಆರ್‌ನೊಳಗೆ ಟೇಪು ಕ್ಯಾಸೆಟ್ಟಿನಿಂದ ಹೊರಬಂದು, ನಿಮಿಷಕ್ಕೆ 1500 ಸುತ್ತು ತಿರುಗುವ ಒಂದು ಉರುಳೆಯನ್ನು ಬಳಸಿಕೊಂಡು ಹೋಗುತ್ತದೆ. ಚಿತ್ರವನ್ನು ಓದುವ ಹೆಡ್ಡುಗಳು ಆ ಉರುಳೆಯಲ್ಲಿರುತ್ತವೆ. ಅಂಟಿಕೊಂಡ ಸುತ್ತನ್ನು ಯಂತ್ರ ಎಳೆದಾಗ ಟೇಪು ಜಗ್ಗುತ್ತದೆ, ಅಂಚು ಮಡಚಿಕೊಳ್ಳುತ್ತದೆ, ಕೆಲವೊಮ್ಮೆ ಹರಿದೇ ಹೋಗುತ್ತದೆ. ಕಿತ್ತುಬಂದ ಬೂಷ್ಟಿನ ಪುಡಿ ಹೆಡ್ಡಿಗೆ ಮೆತ್ತಿಕೊಂಡು, ಅದೇ ಯಂತ್ರಕ್ಕೆ ಮುಂದೆ ಹಾಕುವ ಚೊಕ್ಕಟವಾದ ಕ್ಯಾಸೆಟ್ಟಿಗೂ ಹತ್ತುತ್ತದೆ. ಇಲ್ಲಿ ಇನ್ನೊಂದು ಸಂಗತಿಯಿದೆ. ಟೇಪಿನ ಅಗಲ ಅರ್ಧ ಇಂಚು. ಅದರ ನಡುಭಾಗದಲ್ಲಿ ಚಿತ್ರ ಓರೆ ಗೆರೆಗಳಾಗಿ ಬರೆದುಕೊಂಡಿರುತ್ತದೆ, ಸಾಧಾರಣ ಯಂತ್ರಗಳಲ್ಲಿ ದನಿ ಇರುವುದು ಮೇಲಂಚಿನ ಒಂದು ಮಿಲಿಮೀಟರ್ ಪಟ್ಟಿಯಲ್ಲಿ ಮಾತ್ರ. ಬೂಷ್ಟು ಹಿಡಿಯುವುದೂ, ಯಂತ್ರ ಕಚ್ಚಿದಾಗ ಮೊದಲು ಸುಕ್ಕಾಗುವುದೂ ಈ ಅಂಚೇ.

ಹತ್ತು ದಿನ ಬಿಟ್ಟು ಹೋದಾಗ ಪೆನ್‌ಡ್ರೈವ್ ಕೊಟ್ಟರು. ಕ್ಯಾಸೆಟ್ಟುಗಳನ್ನು ಕೇಳಿದ್ದಕ್ಕೆ “ಇನ್ಯಾಕೆ ಸಾರ್ ಅವು?” ಎಂದು ಒಳಗಿನಿಂದ ತಂದಿಟ್ಟರು. ಮೂಲ ಕ್ಯಾಸೆಟ್ಟಿನ ಪಕ್ಕದ ಗುಂಡಿ ಒತ್ತಿ ಮುಂದಿನ ಮುಚ್ಚಳ ಎತ್ತಿ ನೋಡಿದೆ. ಟೇಪಿಗೆ ಅಡ್ಡಲಾಗಿ, ಕಾಗದಕ್ಕೆ ಅಂಟಿಸುವ ಮಾಮೂಲಿ ಸೆಲ್ಲೊಟೇಪು ಹಚ್ಚಿದ್ದರು. ಅದರ ಒಂದು ಮೂಲೆ ಅಂಚಿನಿಂದ ಆಚೆ ಚಾಚಿಕೊಂಡಿತ್ತು, ಗೋಂದು ಒಸರಿ ಅದರ ಮೇಲೆ ಕೂದಲೆಳೆಯೊಂದು ಕೂತಿತ್ತು. ಕೇಳಿದಾಗ ಕೆಲಸದ ಹುಡುಗ, “ಸಿಕ್ಕಾಕ್ಕೊಂಡಿತ್ತು ಸಾರ್, ಎರಡು ಮಾರು ಅಷ್ಟೇ ಕಟ್ ಮಾಡಿದ್ದು” ಎಂದ. ತುಂಡು ಎಲ್ಲಿ ಎಂದರೆ ಕಸಕ್ಕೆ ಹೋಗಿತ್ತು. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯ ವಿಎಚ್‌ಎಸ್ ಯಂತ್ರದಲ್ಲಿ ಟೇಪು ಸೆಕೆಂಡಿಗೆ ಸುಮಾರು 23.4 ಮಿಲಿಮೀಟರ್ ಸರಿಯುತ್ತದೆ. ಎರಡು ಮಾರೆಂದರೆ ಹನ್ನೆರಡು ಅಡಿ, ಅಂದರೆ ಎರಡೂವರೆ ನಿಮಿಷಕ್ಕೂ ತುಸು ಹೆಚ್ಚು. ಫೈಲಿನಲ್ಲಿ ಅಜ್ಜಿ ಕೆಮ್ಮಿ ಗಂಟಲು ಸರಿಮಾಡಿಕೊಂಡು ಮೊದಲ ಸೊಲ್ಲನ್ನು ಎತ್ತುತ್ತಾರೆ, ಪರದೆ ಒಮ್ಮೆ ಹರಿಯುತ್ತದೆ, ಆಮೇಲೆ ಕಾಣುವುದು ಊಟದ ಪಂಕ್ತಿ.

ಉಳಿದ ಫೈಲುಗಳೂ ಸರಿಯಿರಲಿಲ್ಲ. ಪಾಲ್ ಚಿತ್ರವನ್ನು 720ಕ್ಕೆ 576ರ ಅಳತೆಯಲ್ಲಿ, ಸೆಕೆಂಡಿಗೆ 25 ಫ್ರೇಮಿನಂತೆ ಇಳಿಸಿಕೊಳ್ಳಬೇಕು. ಅವರು ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಗೆ ಹೊಂದಿಸಿದ್ದರಿಂದ ಚಿತ್ರದ ಗೆರೆಗಳು 576ರಿಂದ 480ಕ್ಕೆ ಇಳಿದು, ಫ್ರೇಮಿನ ಲೆಕ್ಕ ತಪ್ಪಿ, ನಡೆಯುವವರೆಲ್ಲ ಮುಗ್ಗರಿಸಿದಂತೆ ಕಾಣುತ್ತಿದ್ದರು. ಹಳೆಯ ಟಿವಿಯ ಚೌಕಾಕಾರದ ಚಿತ್ರವನ್ನು ಈಗಿನ ಅಗಲ ಟಿವಿಗೆ ಹಿಗ್ಗಿಸಿದ್ದರಿಂದ ಮುಖಗಳು ಚಪ್ಪಟೆಯಾಗಿದ್ದವು. ಮೂರು ಗಂಟೆಯ ಕ್ಯಾಸೆಟ್ಟು 600 ಎಂಬಿಗೆ ಕುಗ್ಗಿತ್ತು. ಡಿವಿಡಿ ಗುಣಮಟ್ಟದಲ್ಲಿ ಇಳಿಸಿದರೂ ಗಂಟೆಗೆ ಎರಡು ಜಿಬಿ ಮೀರಬೇಕು. ಆದರೆ ಇದೆಲ್ಲ ಸರಿಪಡಿಸಬಹುದಾದ ತಪ್ಪು. ಟೇಪು ಸರಿಯಿದ್ದರೆ ಕೆಟ್ಟ ಫೈಲನ್ನು ಅಳಿಸಿ ಇನ್ನೊಮ್ಮೆ ಇಳಿಸಿಕೊಳ್ಳಬಹುದು. ಕತ್ತರಿಸಿದ ಟೇಪಿಗೆ ಅಂಥ ದಾರಿಯಿಲ್ಲ.

ಆಮೇಲೆ ಮಂಡ್ಯದಲ್ಲಿ ಮೊದಲು ವಿಸಿಆರ್ ರಿಪೇರಿ ಮಾಡುತ್ತಿದ್ದ ಹಿರಿಯರೊಬ್ಬರ ಬಳಿ ಹೋದೆ. ಅವರು ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಲಿಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಳದ ಐದು ಸ್ಕ್ರೂ ಬಿಚ್ಚಿ, ಸುರುಳಿಗಳನ್ನು ಹೊರತೆಗೆದು, ಒಣಗಿದ ಮೃದುವಾದ ಬಟ್ಟೆಯಿಂದ ಅಂಚನ್ನು ನಿಧಾನವಾಗಿ ಒರೆಸುತ್ತ, ಕೈಯಿಂದಲೇ ಟೇಪನ್ನು ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತಿದರು. ಅದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಸೆಲ್ಲೊಟೇಪಿನ ಗೋಂದು ಕರಗಿ ಹೆಡ್ಡಿಗೆ ಹತ್ತುತ್ತದೆಂದು ಅದನ್ನು ಕಿತ್ತು, ಇದಕ್ಕೆಂದೇ ಇರುವ ತೆಳುವಾದ ಪಟ್ಟಿಯಿಂದ ಹಿಂಬದಿಯಲ್ಲಿ ಜೋಡಿಸಿದರು. ಅವರು ಹೇಳಿದ ಒಂದು ಮಾತು ನನಗೆ ಬಹಳ ನೋವು ಕೊಟ್ಟಿತು: “ಆ ತುಂಡು ಇದ್ದಿದ್ರೆ, ಎಷ್ಟೇ ಸುಕ್ಕಾಗಿದ್ರೂ ನೀಟಾಗಿ ಹರವಿ ಒಂದ್ಸಲ ಓಡಿಸಬಹುದಿತ್ತಲ್ಲಪ್ಪ.” ಚಿತ್ರದಲ್ಲಿ ಗೆರೆ ಬರುತ್ತಿತ್ತು, ದನಿ ಅಲ್ಲಲ್ಲಿ ಮುಳುಗುತ್ತಿತ್ತು, ಆದರೆ ಕೇಳುತ್ತಿತ್ತು.

ಆದ್ದರಿಂದ ಅಂಗಡಿಯಲ್ಲಿ ದರ ಕೇಳುವ ಮೊದಲು, ಬೂಷ್ಟು ಹಿಡಿದ ಕ್ಯಾಸೆಟ್ಟು ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಬಿಚ್ಚಿ ಒರೆಸುತ್ತೇವೆ, ಇಲ್ಲವೇ ಅಂಥದ್ದನ್ನು ನಾವು ಮುಟ್ಟುವುದಿಲ್ಲ ಎನ್ನುವವರು ನಂಬಿಕೆಗೆ ಅರ್ಹರು. ಓಡಿಸಿ ನೋಡೋಣ ಎನ್ನುವವರಿಂದ ಕ್ಯಾಸೆಟ್ಟನ್ನು ಆ ಕ್ಷಣವೇ ವಾಪಸು ತೆಗೆದುಕೊಳ್ಳಿ. ಮನೆಯ ಹಳೆಯ ವಿಸಿಆರ್‌ನಲ್ಲಿ ನೀವೇ ಹಾಕಿ ನೋಡುವ ಆಸೆಯನ್ನೂ ಬಿಡಿ. ವರ್ಷಗಟ್ಟಲೆ ನಿಂತ ಯಂತ್ರದ ರಬ್ಬರು ಬೆಲ್ಟು, ರೋಲರುಗಳು ಗಟ್ಟಿಯಾಗಿ ಟೇಪನ್ನು ಕಚ್ಚುತ್ತವೆ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನೈ ಕಂಪನಿಯೂ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದ್ದರಿಂದ, ಈಗ ಯಾವ ಅಂಗಡಿಯಲ್ಲಿದ್ದರೂ ಅದು ಹಳೆಯ ಯಂತ್ರವೇ. ಅದನ್ನು ಎಷ್ಟು ಚೊಕ್ಕಟವಾಗಿಟ್ಟಿದ್ದಾರೆಂದು ಕಣ್ಣಾರೆ ನೋಡಿ.

ರಸೀದಿಯಲ್ಲಿ ಕ್ಯಾಸೆಟ್ಟುಗಳ ಸಂಖ್ಯೆಯ ಜೊತೆಗೆ, ಟೇಪು ಸಿಕ್ಕಿಕೊಂಡರೆ ಕತ್ತರಿಸದೆ ಫೋನ್ ಮಾಡಬೇಕು, ತುಂಡಾದರೆ ತುಂಡನ್ನೂ ಕೊಡಬೇಕು ಎಂದು ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ. ಹಣ ಕೊಡುವ ಮೊದಲು ಅಲ್ಲಿಯೇ ಕೂತು ಫೈಲಿನ ಮೊದಲು, ನಡು, ಕೊನೆಯನ್ನು ಇಯರ್‌ಫೋನ್ ಹಾಕಿಕೊಂಡು ನೋಡಿ, ಒಟ್ಟು ಅವಧಿಯನ್ನೂ ಪರೀಕ್ಷಿಸಿ.

ಎಲ್ಲವನ್ನೂ ಒಟ್ಟಿಗೆ ಕೊಡಬೇಡಿ. ಹೋದರೂ ದುಃಖವಾಗದಂಥ ಒಂದನ್ನು ಮೊದಲು ಕೊಟ್ಟು ಅವರ ಕೈಗುಣ ನೋಡಿ. ಮನೆಯಲ್ಲಿ ಒಂದೇ ಸಮಾರಂಭದ ಎರಡು ಕ್ಯಾಸೆಟ್ಟುಗಳಿದ್ದರೆ ಅವು ಒಂದೇ ಎಂದುಕೊಳ್ಳಬೇಡಿ. ಹೆಸರು, ಹೂವಿನ ಚಿತ್ರಗಳಿಂದ ಶುರುವಾಗುವುದು ಮಿಕ್ಸಿಂಗ್ ಆದದ್ದು. ಯಾವ ಹೆಸರೂ ಇಲ್ಲದೆ, ಯಾರೋ ಚಪ್ಪರದಡಿ ಬೆನ್ನು ತಿರುಗಿಸಿ ನಿಂತಿರುವಲ್ಲಿಂದ ಥಟ್ಟನೆ ಶುರುವಾಗುವುದು ಮೂಲದ್ದು. ನಮ್ಮಲ್ಲಿ ಈಗ ಉಳಿದಿರುವ ಮಿಕ್ಸಿಂಗ್ ಕ್ಯಾಸೆಟ್ಟಿನಲ್ಲಿ ಅದೇ ಎರಡೂವರೆ ನಿಮಿಷ ಪೂರ್ತಿಯಾಗಿದೆ. ಅಜ್ಜಿಯ ತುಟಿ ಆಡುತ್ತದೆ, ಕೇಳುವುದು ಸಿನಿಮಾ ಹಾಡು. ಅವ್ವ ಟಿವಿಯ ದನಿಯನ್ನು ಪೂರ್ತಿ ಇಳಿಸಿ ಅದನ್ನು ನೋಡುತ್ತಾಳೆ.