ಚಿಕ್ಕ ಫೈಬರ್ ದೋಣಿಗೆ ಫಿಶ್ ಫೈಂಡರ್ ಟ್ರಾನ್ಸ್‌ಡ್ಯೂಸರ್: ಕೆಲವು ಮಳೆಗಾಲ ದಾಟಿದ ನಂತರದ ವಿಮರ್ಶೆ

ನಮ್ಮದು 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್ ಕಟ್ಟಿದ, ಸುಮಾರು 22 ಅಡಿ ಉದ್ದದ ಫೈಬರ್ ದೋಣಿ. ಹೊನ್ನಾವರದ ಶರಾವತಿ ಅಳಿವೆಯಿಂದ ಹೊರಬಿದ್ದು ಹೆಚ್ಚೆಂದರೆ 40 ಮೀಟರ್ ಆಳದವರೆಗೆ ಗಾಳಕ್ಕೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಜೆಟ್ಟಿಗೆ ಕಟ್ಟುವುದಕ್ಕಿಂತ ಹೊನ್ನಾವರದ ಪಕ್ಕದ ಕಾಸರಕೋಡಿನ ಮರಳಿನ ಮೇಲೆ ಎಳೆದು ಹಾಕುವುದೇ ಹೆಚ್ಚು. ಈ ಕೊನೆಯ ಸಂಗತಿ ಮುಖ್ಯ, ಏಕೆಂದರೆ ಫಿಶ್ ಫೈಂಡರ್ (ನೀರಿನ ಆಳ ಮತ್ತು ಮೀನುಗಳನ್ನು ಪರದೆಯ ಮೇಲೆ ತೋರಿಸುವ ಯಂತ್ರ) ಜೊತೆ ಬರುವ ಕೈಪಿಡಿಗಳೆಲ್ಲ ಟ್ರೇಲರ್ ಮೇಲೆ ಸಾಗಿಸುವ ಅಥವಾ ಸದಾ ನೀರಿನಲ್ಲೇ ನಿಲ್ಲುವ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಯಂತ್ರ ಸಾಮಾನ್ಯ ದರ್ಜೆಯದು: ಐದು ಇಂಚಿನ ಪರದೆ, 83 ಮತ್ತು 200 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ, ದೋಣಿಯ ಹಿಂಬದಿಗೆ ಕೂರಿಸುವ, ನೀರಿನೊಳಗೆ ಶಬ್ದ ಕಳುಹಿಸಿ ಮರಳಿದ್ದನ್ನು ಹಿಡಿಯುವ ಪ್ಲಾಸ್ಟಿಕ್ ಟ್ರಾನ್ಸ್‌ಡ್ಯೂಸರ್. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಗಾರ್ಮಿನ್, ಲಾರೆನ್ಸ್, ಹಮ್ಮಿನ್‌ಬರ್ಡ್ ಯಾವುದನ್ನೇ ತೆಗೆದುಕೊಂಡರೂ ಕಡಿಮೆ ಬೆಲೆಯ ಆರಂಭಿಕ ಮಾದರಿಗಳಲ್ಲಿ ಪರದೆಯ ಗುಣದ ವ್ಯತ್ಯಾಸ ಅಲ್ಪ. ಟ್ರಾನ್ಸ್‌ಡ್ಯೂಸರನ್ನು ಎಲ್ಲಿ, ಹೇಗೆ ಕೂರಿಸಿದ್ದೇವೆ ಎಂಬುದರಿಂದ ಆಗುವ ವ್ಯತ್ಯಾಸ ಮಾತ್ರ ಬಹಳ ದೊಡ್ಡದು.

ಕಾರಣ ಸರಳ. ಟ್ರಾನ್ಸ್‌ಡ್ಯೂಸರ್ ಕಳುಹಿಸುವ ಶಬ್ದದ ಅಲೆ ಸಮುದ್ರದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಹೋಗಿ, ತಳಕ್ಕೋ ಮೀನಿಗೋ ತಾಗಿ ಮರಳುತ್ತದೆ. ಅದರ ಮುಖದ ಕೆಳಗೆ ಗಾಳಿಯ ಗುಳ್ಳೆಗಳು ಹರಿದರೆ ಶಬ್ದ ಅಲ್ಲಿಯೇ ಚದುರಿಹೋಗುತ್ತದೆ, ಪರದೆಯ ತುಂಬ ಚುಕ್ಕೆಗಳು ಮೂಡುತ್ತವೆ, ತಳದ ಗೆರೆ ಮಾಯವಾಗುತ್ತದೆ. ಆದ್ದರಿಂದ ಕೂರಿಸುವ ಕೆಲಸವೆಂದರೆ ಗುಳ್ಳೆಯಿಲ್ಲದ ನೀರು ಹರಿಯುವ ಜಾಗವನ್ನು ಹುಡುಕುವ ಕೆಲಸ. ದೋಣಿ ಓಡುತ್ತಿರುವಾಗ ಹಿಂಬದಿಯಿಂದ ಬಗ್ಗಿ ನೋಡಿದರೆ ಎಲ್ಲಿ ನೊರೆ ಏಳುತ್ತದೆ, ಎಲ್ಲಿ ನೀರು ಗಾಜಿನಂತೆ ನುಣ್ಣಗೆ ಜಾರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ತಳದಲ್ಲಿ ಉದ್ದಕ್ಕೆ ಉಬ್ಬಿದ ಪಟ್ಟಿಗಳಿದ್ದರೆ ಅವುಗಳ ನೇರ ಹಿಂದೆ ಎಂದೂ ಕೂರಿಸಬಾರದು. ಸಾಮಾನ್ಯ ಪ್ರೊಪೆಲ್ಲರ್, ಹಿಂದಿನಿಂದ ನೋಡಿದಾಗ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವುದರಿಂದ ಬಲಬದಿಯಲ್ಲಿ ಅದರ ಎಲೆಗಳು ಕೆಳಮುಖವಾಗಿ ಚಲಿಸುತ್ತವೆ. ಆ ಬದಿಯೇ ಶಾಂತವಾಗಿರುತ್ತದೆ. ಪ್ರೊಪೆಲ್ಲರ್‌ನಿಂದ ಕನಿಷ್ಠ ಒಂದೂಕಾಲು ಅಡಿ ದೂರವಿರುವುದು ಒಳ್ಳೆಯದು.

ಎತ್ತರದ ವಿಷಯದಲ್ಲಿ ಕೈಪಿಡಿಯನ್ನು ನಂಬಬಹುದು. ಫೈಬರ್ ತಳಕ್ಕಾದರೆ ಟ್ರಾನ್ಸ್‌ಡ್ಯೂಸರ್ ತಳದ ಅಂಚಿಗಿಂತ 3 ಮಿಲಿಮೀಟರ್‌ನಷ್ಟು ಕೆಳಗಿದ್ದರೆ ಸಾಕು. ದೋಣಿಯನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಉದ್ದನೆಯ ಉಕ್ಕಿನ ಅಳತೆಪಟ್ಟಿಯನ್ನು ತಳಕ್ಕೆ ಒತ್ತಿ ಹಿಂದಕ್ಕೆ ಚಾಚಿ, ಅದರ ಗೆರೆಗಿಂತ ಇದು ಎಷ್ಟು ಇಳಿದಿದೆ ಎಂದು ಪೆನ್ಸಿಲ್‌ನಿಂದ ಗುರುತು ಮಾಡಿಕೊಂಡರೆ ಊಹೆಯ ಮಾತೇ ಬರುವುದಿಲ್ಲ. ಮುಂಭಾಗಕ್ಕಿಂತ ಹಿಂಭಾಗ ಕೂದಲೆಳೆಯಷ್ಟು ಕೆಳಗಿದ್ದರೆ ನೀರು ಮುಖಕ್ಕೆ ಒತ್ತಿಕೊಂಡು ಹರಿಯುತ್ತದೆ. ಇದಕ್ಕಿಂತ ಹೆಚ್ಚು ಇಳಿಸಿದರೆ ಟ್ರಾನ್ಸ್‌ಡ್ಯೂಸರ್ ತಾನೇ ನೊರೆ ಎಬ್ಬಿಸುತ್ತದೆ.

ಇನ್ನು ಸ್ಕ್ರೂ. ನಮ್ಮ ಕಡೆಯ ಫೈಬರ್ ದೋಣಿಗಳಲ್ಲಿ ಹಿಂಬದಿಯ ಹಲಗೆ ಬಹುಮಟ್ಟಿಗೆ ಪ್ಲೈವುಡ್ ಮೇಲೆ ಫೈಬರ್ ಹೊದಿಸಿದ್ದು. ನೀರಿನ ಮಟ್ಟಕ್ಕಿಂತ ಕೆಳಗೆ ಕೊರೆದ ಪ್ರತಿಯೊಂದು ತೂತೂ ಆ ಪ್ಲೈವುಡ್ಡಿಗೆ ಉಪ್ಪುನೀರು ಕುಡಿಸುವ ದಾರಿ, ಮತ್ತು ಇಂಜಿನ್ನಿನ ಭಾರವನ್ನು ಹೊರುವುದು ಅದೇ ಹಲಗೆ. ಬ್ರಾಕೆಟ್ಟನ್ನು ನೇರವಾಗಿ ಹಲಗೆಗೆ ಬಿಗಿದರೆ ಮುಂದೆ ಜಾಗ ಬದಲಿಸಬೇಕಾದಾಗಲೆಲ್ಲ ಹೊಸ ತೂತು ಬೇಕು. ಇದಕ್ಕೆ ಅರ್ಧ ಇಂಚು ದಪ್ಪದ, ಅಡುಗೆಮನೆಯ ಕತ್ತರಿಸುವ ಮಣೆಗೆ ಬಳಸುವ ಬಗೆಯ ಗಟ್ಟಿ ಪ್ಲಾಸ್ಟಿಕ್ಕಾದ ಎಚ್‌ಡಿಪಿಇ ಹಲಗೆಯೇ ಪರಿಹಾರ. ಅದರ ಮೇಲಂಚನ್ನು ಮಾತ್ರ, ನೀರಿನ ಮಟ್ಟಕ್ಕಿಂತ ಮೇಲೆ, 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟ್‌ಗಳಿಂದ ದೋಣಿಗೆ ಬಿಗಿದು, ಉಳಿದ ಎಲ್ಲ ತೂತುಗಳನ್ನು ಈ ಹಲಗೆಯಲ್ಲೇ ಕೊರೆಯಬೇಕು. ದೋಣಿಯಲ್ಲಿ ಕೊರೆಯುವ ಆ ಒಂದೆರಡು ತೂತುಗಳ ಬಾಯನ್ನು ಮೊದಲು ಸ್ವಲ್ಪ ಅಗಲಿಸಿಕೊಂಡರೆ ಫೈಬರಿನ ಹೊರಪದರವಾದ ಜೆಲ್‌ಕೋಟ್ ಸೀಳುವುದಿಲ್ಲ. ಒಳಗೆ ಮರೈನ್ ಪಾಲಿಯುರೆಥೇನ್ ಸೀಲಂಟ್ ತುಂಬಬೇಕು. ಈ ಎಚ್‌ಡಿಪಿಇಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಬೋಲ್ಟ್ ಇಲ್ಲದೆ ಬರಿಯ ಅಂಟಿನಿಂದ ಕೂರಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಒಪ್ಪಬೇಡಿ.

ಇಷ್ಟರಿಂದ ನೀರಿನಲ್ಲಿ ಎಲ್ಲವೂ ಸರಿಯಾಯಿತು. ತೊಂದರೆ ಬಂದದ್ದು ದಡದಲ್ಲಿ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಬ್ರಾಕೆಟ್ ಪೆಟ್ಟು ಬಿದ್ದಾಗ ಮೇಲಕ್ಕೆ ಮಡಚಿಕೊಳ್ಳುವಂಥದ್ದು. ಆದರೆ ಮಡಚುವ ಸಂದಿಯಲ್ಲಿ ನುಣ್ಣನೆಯ ಮರಳು ಮತ್ತು ಉಪ್ಪು ಸೇರಿ ಗಟ್ಟಿಯಾದ ಮೇಲೆ ಅದು ಮಡಚುವುದನ್ನೇ ನಿಲ್ಲಿಸಿತು, ಕೊನೆಗೆ ಕಿವಿಯ ಬಳಿ ಸೀಳಿತು. ಬಿಡಿಭಾಗ ಕೇಳಿದರೆ ಮಾರಾಟಗಾರರು ಇಡೀ ಟ್ರಾನ್ಸ್‌ಡ್ಯೂಸರನ್ನೇ ಕೊಳ್ಳಲು ಹೇಳಿದರು. ಈಗ ಇರುವುದು ಸ್ಥಳೀಯವಾಗಿ ಮಾಡಿಸಿದ ಸ್ಟೇನ್‌ಲೆಸ್ ತೋಳು: ಎಚ್‌ಡಿಪಿಇ ಹಲಗೆಯ ಮೇಲ್ಭಾಗದಲ್ಲಿ ಒಂದೇ ಬೋಲ್ಟಿನ ಮೇಲೆ ತಿರುಗುತ್ತದೆ, ಕೆಳಗಿಳಿಸಿದಾಗ ಒಂದು ಬಿದಿರಿನ ಪಿನ್ ಅದನ್ನು ಹಿಡಿದಿಡುತ್ತದೆ, ಎತ್ತಿದಾಗ ಹಗ್ಗದಿಂದ ಕಟ್ಟಿಹಾಕುತ್ತೇವೆ. ಪಿನ್ ಬಿದಿರಿನದೇ ಆಗಿರಬೇಕು. ಬಂಡೆಗೋ ತೇಲುವ ಮರಕ್ಕೋ ತಾಗಿದರೆ ಅದು ಮುರಿದು ತೋಳು ಹಿಂದಕ್ಕೆ ಹಾರುತ್ತದೆ, ಟ್ರಾನ್ಸ್‌ಡ್ಯೂಸರ್ ಉಳಿಯುತ್ತದೆ. ಅಲ್ಯೂಮಿನಿಯಂ ತೋಳು ಅಗ್ಗ, ಆದರೆ ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಬೋಲ್ಟ್ ಅದನ್ನು ಬಲುಬೇಗ ತಿಂದುಹಾಕುತ್ತದೆ. ತೋಳಿನಲ್ಲೂ ಒಂದು ಇಕ್ಕಟ್ಟು ಇದೆ: ಅಳಿವೆಯ ಮರಳುದಿಬ್ಬ ದಾಟುವಾಗಲೇ ಆಳದ ಅಂಕಿ ಅತ್ಯಂತ ಬೇಕಾದದ್ದು, ಆದ್ದರಿಂದ ಅಲ್ಲಿಯವರೆಗೆ ಅದು ಕೆಳಗೇ ಇರಬೇಕು, ದಿಬ್ಬ ದಾಟಿ ದಡ ಹತ್ತುವ ಮೊದಲು ಮರೆಯದೆ ಎತ್ತಬೇಕು. ಒಬ್ಬರೇ ಹೋಗುವವರಿಗೆ ಇದು ಕಿರಿಕಿರಿ.

ಒಬ್ಬರೇ ಹೋಗುವವರು ದೋಣಿಯ ಒಳಗಿನಿಂದ ತಳಕ್ಕೆ ಎಪಾಕ್ಸಿಯಲ್ಲಿ ಅಂಟಿಸುವ ವಿಧಾನವನ್ನು ಯೋಚಿಸಬಹುದು. ತೂತಿಲ್ಲ, ಮರಳಿನ ಭಯವಿಲ್ಲ, ಪಾಚಿಯಿಲ್ಲ. ತಳ ಒಂದೇ ಪದರದ ಗಟ್ಟಿ ಫೈಬರ್ ಆಗಿದ್ದರೆ ಮಾತ್ರ ಇದು ನಡೆಯುತ್ತದೆ; ನಡುವೆ ಪ್ಲೈವುಡ್ ಅಥವಾ ಫೋಮ್ ಇದ್ದರೆ ಶಬ್ದ ದಾಟುವುದಿಲ್ಲ. ಅಂಟಿಸುವ ಮೊದಲು, ದೋಣಿ ನೀರಿನಲ್ಲಿರುವಾಗ ಒಳಗಿನ ತಳದಲ್ಲಿ ಸ್ವಲ್ಪ ನೀರು ನಿಲ್ಲಿಸಿ, ಅದರಲ್ಲಿ ಟ್ರಾನ್ಸ್‌ಡ್ಯೂಸರ್ ಒತ್ತಿ ಹಿಡಿದು ತಳದ ಗೆರೆ ಬರುತ್ತದೆಯೇ ಎಂದು ಪರೀಕ್ಷಿಸಿ. ಎಪಾಕ್ಸಿಯಲ್ಲಿ ಒಂದು ಗುಳ್ಳೆ ಉಳಿದರೂ ಕೆಲಸ ಕೆಡುತ್ತದೆ. ಶಬ್ದದ ಶಕ್ತಿ ಸ್ವಲ್ಪ ಕುಂದುತ್ತದೆ, ನೀರಿನ ಉಷ್ಣತೆಯ ಬದಲು ದೋಣಿಯ ತಳದ ಉಷ್ಣತೆ ಕಾಣಿಸುತ್ತದೆ. 40 ಮೀಟರ್ ಒಳಗಿನ ಕೆಲಸಕ್ಕೆ ಎರಡೂ ದೊಡ್ಡ ನಷ್ಟವಲ್ಲ.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಗ್ಗ ಎಳೆದು ಚಾಲೂ ಮಾಡುವ ಇಂಜಿನ್ನಿಗೆ ಬ್ಯಾಟರಿ ಇರುವುದಿಲ್ಲ, ಪ್ರತ್ಯೇಕವಾದ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಒಂದು ದಿನಕ್ಕೆ ಧಾರಾಳ. ಫ್ಯೂಸ್ ತಪ್ಪಿಸಬೇಡಿ. ಟ್ರಾನ್ಸ್‌ಡ್ಯೂಸರ್ ಕೇಬಲ್ ಉದ್ದವಾಯಿತೆಂದು ಕತ್ತರಿಸದೆ ಸುತ್ತಿಡಿ, ಇಂಜಿನ್ ಮತ್ತು ವಿಎಚ್‌ಎಫ್ ರೇಡಿಯೊ ತಂತಿಗಳಿಂದ ದೂರವಿಡಿ.

ಸರಿಯಾಗಿ ಕೂರಿಸಿದ ಮೇಲೆ ಏನು ಕಾಣುತ್ತದೆ? 200 ಕಿಲೋಹರ್ಟ್ಸ್‌ನಲ್ಲಿ ಈ ಟ್ರಾನ್ಸ್‌ಡ್ಯೂಸರ್‌ನ ಕೋನ 20 ಡಿಗ್ರಿ, ಅಂದರೆ 30 ಮೀಟರ್ ಆಳದಲ್ಲಿ ಅದು ನೋಡುವ ವೃತ್ತದ ಅಗಲ ಹತ್ತೂವರೆ ಮೀಟರ್. 83ರಲ್ಲಿ ಕೋನ 60 ಡಿಗ್ರಿ, ಅಗಲ ಸುಮಾರು 35 ಮೀಟರ್. ಬಂಡೆಯ ಅಂಚು ಹುಡುಕಲು ಮೊದಲನೆಯದು, ಗುಂಪು ಹುಡುಕಲು ಎರಡನೆಯದು. ಕೆಸರಿನ ತಳ ಮಸುಕಾಗಿ, ಬಂಡೆ ಗಾಢವಾಗಿ ಕಾಣುತ್ತದೆ, ಬಂಡೆಯ ಕೆಳಗೆ ಎರಡರಷ್ಟು ಆಳದಲ್ಲಿ ಇನ್ನೊಂದು ತಳದ ಗೆರೆಯೂ ಮೂಡುತ್ತದೆ. ಕೆಂಬೇರಿ ಮೀನಿಗೆ ಗಾಳ ಬಿಡುವವರಿಗೆ ಆ ಎರಡನೆಯ ಗೆರೆಯೇ ಸುಳಿವು. ಬಂಗುಡೆಯ ಗುಂಪು ಮೋಡದಂತೆ ಸ್ಪಷ್ಟ. ಅಂಜಲ್ ವಿಷಯದಲ್ಲಿ ಮಾತ್ರ ಪರದೆಯನ್ನು ಅತಿಯಾಗಿ ನಂಬಬಾರದು: ಮೀನಿನಿಂದ ಮರಳುವ ಶಬ್ದದ ಬಹುಪಾಲು ಅದರ ಗಾಳಿಚೀಲದಿಂದ ಬರುವಂಥದ್ದು, ಅಂಜಲ್‌ಗೆ ಆ ಚೀಲವೇ ಇಲ್ಲ, ಹಾಗಾಗಿ ದೊಡ್ಡ ಅಂಜಲ್ ಕೂಡ ತೆಳುವಾದ ಗೀರಾಗಿ ಹಾದುಹೋಗುತ್ತದೆ. ಮೀನಿನ ಚಿತ್ರ ತೋರಿಸುವ ಸೌಲಭ್ಯವನ್ನು ಬಂದ್ ಮಾಡಿಬಿಡಿ; ಅದು ತೇಲುವ ಕಸಕ್ಕೂ ಮೀನಿನ ಚಿತ್ರ ಬಿಡಿಸುತ್ತದೆ.

ದೋಣಿ ಅಳಿವೆಯಲ್ಲಿ ಕೆಲವು ವಾರ ನಿಂತರೆ ಟ್ರಾನ್ಸ್‌ಡ್ಯೂಸರ್ ಮುಖಕ್ಕೆ ಬಾರ್ನಕಲ್ ಚಿಪ್ಪು ಹತ್ತುತ್ತದೆ, ಪರದೆ ಮಂಕಾಗುತ್ತದೆ. ಚಾಕು ಬೇಡ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ಸಾಬೂನು ನೀರಿನಲ್ಲಿ ತೊಳೆದರೆ ಸಾಕು. ಚಿಪ್ಪು ಹತ್ತದಂತೆ ತಳಕ್ಕೆ ಬಳಿಯುವ ಸಾಲ್ವೆಂಟ್ ಬೆರೆತ ಬಣ್ಣ ಅದರ ಪ್ಲಾಸ್ಟಿಕ್ಕನ್ನು ಕೆಡಿಸುವುದರಿಂದ ಬಣ್ಣ ಬೇಕೇಬೇಕೆಂದರೆ ನೀರಿನ ಆಧಾರದ್ದನ್ನೇ ಬಳಸಬೇಕು. ನಮ್ಮದರ ಮುಖದಲ್ಲಿ ಮರಳು ಉಜ್ಜಿದ ಗೀರುಗಳು ಸಾಕಷ್ಟಿವೆ, ಚಿತ್ರದಲ್ಲಿ ಅದರಿಂದ ವ್ಯತ್ಯಾಸ ಕಂಡಿಲ್ಲ. ಟ್ರಾನ್ಸ್‌ಡ್ಯೂಸರ್‌ಗೆ ಐದರಲ್ಲಿ ನಾಲ್ಕು ಅಂಕ, ಜೊತೆಗೆ ಬಂದ ಬ್ರಾಕೆಟ್ಟಿಗೆ ಒಂದು. ಮರಳಿನ ಮೇಲೆ ದೋಣಿ ಎಳೆಯುವವರು ಕೊಳ್ಳುವಾಗಲೇ ತೋಳು ಮತ್ತು ಹಲಗೆಯ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಲಿ, ಪರದೆಯನ್ನು ಒಂದು ಇಂಚು ಚಿಕ್ಕದು ಕೊಂಡರೂ ಅಡ್ಡಿಯಿಲ್ಲ.